ಹೊಗೆಗೆ ಸಿಕ್ಕ ದಾರಿ

ನಮ್ಮ ಅಡುಗೆಮನೆಗೆ ಕಿಟಕಿಯಿಲ್ಲ. ನರಗುಂದದ ಹಳೆಯ ಮನೆಗಳಲ್ಲಿ ಇದೇನೂ ಹೊಸದಲ್ಲ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಎಡಕ್ಕೂ ಬಲಕ್ಕೂ ದಾಯಾದಿಗಳ ಮನೆ. ಗಾಳಿ ಒಳಗೆ ಬರಬೇಕೆಂದರೆ ತಲೆಬಾಗಿಲು, ಪಡಸಾಲೆ, ಕಾಳಿನ ಕೋಣೆ ಇಷ್ಟನ್ನೂ ದಾಟಿ ಬರಬೇಕು. ಅಷ್ಟರಲ್ಲಿ ಅದಕ್ಕೇ ದಣಿವಾಗಿರುತ್ತದೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತಂತೆ. ಸೋರುತ್ತದೆಂದು ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಅದನ್ನು ಮುಚ್ಚಿಸಿದ್ದರು.

ಹೀಗಾಗಿ ಹೊಗೆಗೆ ಉಳಿದಿದ್ದ ದಾರಿ ಒಂದೇ, ಒಲೆಯ ಹಿಂದಿನ ಗೋಡೆಯ ಹೊಟ್ಟೆಯಲ್ಲಿದ್ದ ಹೊಗೆಗೂಡು. ನಮ್ಮವರ ಅಜ್ಜ ಯಾವುದೋ ಬಂಗಲೆಯಲ್ಲಿ ಅಂಥದ್ದನ್ನು ಕಂಡು ಬಂದು, ತಾವೇ ಮುಂದೆ ನಿಂತು ಕಟ್ಟಿಸಿದ್ದಂತೆ. ನಡುವೆ ತೊಲೆ ಅಡ್ಡ ಬಂದದ್ದರಿಂದ ಅದು ನೆಟ್ಟಗೆ ಏರದೆ, ಒಮ್ಮೆ ಬಲಕ್ಕೆ ಹೊರಳಿ ಆಮೇಲೆ ಮೇಲೆ ಹೋಗಿತ್ತು. ಅಜ್ಜನ ಕಾಲಕ್ಕೆ ಚೆನ್ನಾಗಿಯೇ ಎಳೆಯುತ್ತಿತ್ತೇನೋ. ನನ್ನ ಕಾಲಕ್ಕೆ ಒಳಗಿನ ಮಣ್ಣಿನ ಗಿಲಾವು ಉದುರಿ, ಕಲ್ಲುಗಳ ಸಂದಿಯಿಂದ ಹೊಗೆ ಪಡಸಾಲೆಗೂ ಕಾಳಿನ ಕೋಣೆಗೂ ಟ್ರಂಕಿನೊಳಗಿನ ಇಳಕಲ್ ಸೀರೆಗೂ ನುಗ್ಗುತ್ತಿತ್ತು. ಉಳಿದದ್ದೆಲ್ಲ ನನ್ನ ಎದೆಗೆ. ಜಂತಿಗಳಿಂದ ಮಸಿಯ ಇಲ್ಲಣ ಜೋತು ಬಿದ್ದು, ಹಬ್ಬಕ್ಕೊಮ್ಮೆ ನಾನು ಕಸಬರಿಗೆ ಎತ್ತಿದರೆ ಮುಖದ ಮೇಲೆಯೇ ಸುರಿಯುತ್ತಿತ್ತು.

ಗ್ಯಾಸಿನ ಒಲೆ ಇಲ್ಲವೇನು ಎಂದು ಕೇಳುವವರಿಗೆ ಹೇಳುತ್ತೇನೆ, ಇದೆ. ಚಹಕ್ಕೆ, ಪಲ್ಯಕ್ಕೆ ಇದೆ. ಆದರೆ ನಮ್ಮದು ಅಡತಿ ಅಂಗಡಿ, ಅಂದರೆ ರೈತರು ತಂದ ಕಾಳುಕಡಿಯನ್ನು ಮಾರಿಸಿಕೊಡುವ ದಲಾಲಿ ಅಂಗಡಿ. ಮಾಲು ತಂದ ರೈತ ಉಣ್ಣದೆ ಊರಿಗೆ ಹೋಗಬಾರದು ಎಂಬುದು ಈ ಮನೆಯ ಹಳೆಯ ರೀತಿ. ಈಗ ಪೇಟೆಯಲ್ಲಿ ಖಾನಾವಳಿಗಳು ಬೇಕಾದಷ್ಟಿವೆ; ಉಳಿದ ಅಡತಿಯವರು ತಮ್ಮ ರೈತರನ್ನು ಅಲ್ಲಿಗೇ ಕಳಿಸುತ್ತಾರೆ. ನಾವು ಕಳಿಸುವುದಿಲ್ಲ. ಸವಡಿಯಿಂದ, ನರೇಗಲ್ಲಿನಿಂದ ಟ್ರ್ಯಾಕ್ಟರು ತಂದವರು ನಮ್ಮ ಪಡಸಾಲೆಯಲ್ಲೇ ಕೂಡಬೇಕು, ಮನೆಯ ಹೆಣ್ಣುಮಗಳು ಬಡಿದ ಬಿಸಿ ಜೋಳದ ರೊಟ್ಟಿಯನ್ನೇ ಉಣ್ಣಬೇಕು. ಅವರೂ ಬರಿಗೈಯಲ್ಲಿ ಬರುವವರಲ್ಲ, ಹತ್ತಿ ಕಟ್ಟಿಗೆಯ ಹೊರೆ ತಂದು ಹಾಕುತ್ತಾರೆ. ಹಿತ್ತಲು ತುಂಬ ಉರುವಲು, ಪಡಸಾಲೆ ತುಂಬ ಉಣ್ಣುವವರು, ನಡುವೆ ನಾನು. ಗ್ಯಾಸಿನ ರೊಟ್ಟಿಯನ್ನು ಒಮ್ಮೆ ಬಡಿಸಿ ನೋಡಿದ್ದೆವು. ಹಿರಿಯನೊಬ್ಬ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಅಂಗಡಿ ಬೇರೆಯವರಿಗೆ ಕೊಟ್ಟಿರೇನು ಎಂದು ಕೇಳಿದ. ಆ ಮಾತನ್ನು ನಮ್ಮವರು ಇನ್ನೂ ಮರೆತಿಲ್ಲ.

ಮೊದಲು ಮಾಳಿಗೆಯ ಮೆಟ್ಟಿಲು ಹತ್ತಿದಾಗ ಮಾತ್ರ ಏದುಸಿರು ಬರುತ್ತಿತ್ತು. ಆಮೇಲೆ ಕೂತು ರೊಟ್ಟಿ ಬಡಿಯುವಾಗಲೂ ಬರತೊಡಗಿತು. ಯಾರೋ ಎದೆಯ ಮೇಲೆ ಕಾಳಿನ ಚೀಲ ಇಳಿಸಿ, ಎತ್ತುವುದನ್ನು ಮರೆತು ಹೋದಂತೆ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಸತಾಯಿಸುತ್ತಿತ್ತು. ನನಗೆ ಹೆದರಿಕೆಯಾಗುತ್ತಿತ್ತು. ಪಡಸಾಲೆಯಲ್ಲಿ ಊರವರೆಲ್ಲ ಉಣ್ಣುತ್ತಿರುವಾಗ ಉಸಿರು ಸಿಗುತ್ತಿಲ್ಲ ಎಂದು ಕೂಗಿಕೊಳ್ಳಲು ಅಷ್ಟೇ ನಾಚಿಕೆಯಾಗುತ್ತಿತ್ತು.

ಕೊನೆಗೆ ರೋಣದಲ್ಲಿ ಎದೆಯ ಡಾಕ್ಟರೊಬ್ಬರ ಹತ್ತಿರ ಹೋದೆವು. ಅವರು ಬೆನ್ನಿಗೆ ಯಂತ್ರವಿಟ್ಟು ಬಹಳ ಹೊತ್ತು ಕೇಳಿ, ಇವರು ಬೀಡಿ ಸೇದುತ್ತಾರೇನು ಎಂದು ನಮ್ಮವರನ್ನು ಕೇಳಿದರು. ನಮ್ಮವರ ಮುಖ ನೋಡುವಂತಿತ್ತು. ಒಲೆಯ ವಿಷಯ ತಿಳಿದ ಮೇಲೆ ಡಾಕ್ಟರು ಹೇಳಿದ್ದು ಎರಡೇ ಮಾತು. ಇವರು ಒಲೆ ಬಿಡಬೇಕು, ಇಲ್ಲವೇ ಹೊಗೆ ಇವರನ್ನು ಬಿಡಬೇಕು. ಅಲ್ಲಿಯವರೆಗೆ ಎದೆ ಬಿಗಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಯಲಿಗೆ ಹೋಗಿ ಕೂಡಬೇಕು. ಒಲೆ ಬಿಡುವ ಮಾತು ನಮ್ಮವರ ಕಿವಿಗೆ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ಫೋನು ತೆಗೆದು, ಹೊಗೆ ಬಿಡಿಸುವ ದಾರಿ ಹುಡುಕತೊಡಗಿದರು.

ಹಾಗೆ ನಮ್ಮ ಮನೆಗೆ ಸ್ಟೀಲಿನ ಕೊಳವೆಯ ಮಾತು ಬಂತು. ಹಳೆಯ ಹೊಗೆಗೂಡನ್ನು ಒಡೆಯುವುದು ಬೇಡ, ಬಾಗುವ ಸ್ಟೀಲಿನ ಕೊಳವೆಯೊಂದನ್ನು ಮಾಳಿಗೆಯಿಂದ ಅದರೊಳಗೆ ಇಳಿಬಿಟ್ಟರೆ ಸಾಕು. ಹೊಗೆ ಗೋಡೆಯನ್ನು ಮುಟ್ಟದೆ ಕೊಳವೆಯಲ್ಲೇ ಹಾದು ಆಕಾಶಕ್ಕೆ ಹೋಗುತ್ತದೆ. ಥಂಡಿ ದೇಶಗಳಲ್ಲಿ ಇದು ಮನೆಮನೆಯಲ್ಲಿ ಇದೆಯಂತೆ. ನಮ್ಮವರು ಒಳ್ಳೆಯವರು. ಹೆಂಡತಿಯ ಕೆಮ್ಮಿಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಗಂಡಸು ನಮ್ಮ ಓಣಿಯಲ್ಲಿ ಇನ್ನೊಬ್ಬನಿಲ್ಲ. ಆದರೆ ಅವರು ಹುಟ್ಟಾ ಕಾಳಿನ ವ್ಯಾಪಾರಿ, ಮಾದರಿ ನೋಡದೆ ಏನನ್ನೂ ಕೊಳ್ಳುವವರಲ್ಲ.

ನಮ್ಮ ಪೇಟೆಯಲ್ಲಿ ಲಾರಿ ತುಂಬಿ ಬಂದ ಮಾಲನ್ನೂ ಒಂದು ಹಿಡಿಯಿಂದಲೇ ತೂಗುತ್ತಾರೆ. ಚೀಲಕ್ಕೆ ಚುಚ್ಚಿ ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಊದಿ, ಒಂದನ್ನು ಹಲ್ಲಿಗೆ ಹಾಕಿ, ಇಡೀ ರಾಶಿಯ ಹಣೆಬರಹ ಹೇಳಿಬಿಡುತ್ತಾರೆ. ಅನ್ನ ಬೆಂದಿತೋ ಇಲ್ಲವೋ ನೋಡಲು ಒಂದಗುಳು ಸಾಕಲ್ಲವೇ. ನಮ್ಮವರು ಮೂರು ಕಡೆಯ ಮಾರಾಟಗಾರರಿಗೆ ಫೋನು ಮಾಡಿ ಒಂದೊಂದು ಗೇಣಿನ ತುಂಡು ಕಳಿಸಲು ಹೇಳಿದರು. ಅವರು ಇಂಥ ಗಿರಾಕಿಯನ್ನು ಎಂದೂ ಕಂಡಿರಲಿಕ್ಕಿಲ್ಲ. ಆದರೂ ಕಳಿಸಿದರು.

ಮೊದಲನೆಯದು ಒಂದೇ ಪದರದ್ದು. ಒಳಗೂ ಹೊರಗೂ ಸುಕ್ಕು, ಹಗುರ, ಕೈಯಲ್ಲಿ ಹಾವಿನಂತೆ ಬಳುಕುತ್ತಿತ್ತು. ಎರಡನೆಯದು ಎರಡು ಪದರದ್ದು. ಹೊರಗೆ ಸುಕ್ಕಾದರೂ ಒಳಗೆ ಬೆರಳಾಡಿಸಿದರೆ ನುಣುಪು, ಬಗ್ಗಿಸಲು ಎರಡೂ ಕೈ ಬೇಕು. ಮೂರನೆಯದೂ ಹಾಗೆಯೇ, ಆದರೆ ಸ್ಟೀಲಿನ ಜಾತಿ ಮೇಲಿನದು. ಮೊದಲಿನ ಎರಡಕ್ಕೆ ಮುನ್ನೂರಾ ನಾಲ್ಕು ಎಂಬ ನಂಬರು, ಇದಕ್ಕೆ ಮುನ್ನೂರಾ ಹದಿನಾರು. ಹಸಿ ಕಟ್ಟಿಗೆಯ ಹೊಗೆಯಲ್ಲಿರುವ ಹುಳಿಗೆ ಇದು ಜಗ್ಗುವುದಿಲ್ಲವಂತೆ.

ಮೂರೂ ತುಂಡುಗಳು ಪಡಸಾಲೆಯ ಗಾದಿಯ ಮೇಲೆ ಕೂತವು. ಉಣ್ಣಲು ಬಂದವರೆಲ್ಲ ಪರೀಕ್ಷಕರಾದರು. ಒಬ್ಬರು ಉಗುರಿನಿಂದ ಬಾರಿಸಿ ಕಿವಿಗೊಟ್ಟರು. ಇನ್ನೊಬ್ಬರು ಮನೆಯಿಂದ ಅಯಸ್ಕಾಂತ ತಂದು ಹಚ್ಚಿ, ಮಗಳ ಲಗ್ನದ ಭಾಂಡೆ ಕೊಳ್ಳುವಾಗ ನೋಡಿದಂತೆ ನೋಡಿದರು. ಬಳುಕುವುದೇ ಚಲೋ, ನಿಮ್ಮ ಹೊಗೆಗೂಡು ಡೊಂಕು ಎಂದು ಕೆಲವರು. ಸುಕ್ಕಿನಲ್ಲಿ ಮಸಿ ಕೂತು ಒಂದು ದಿನ ಕಿಡಿ ಹತ್ತಿದರೆ ಗೋಡೆಯೊಳಗೇ ಬೆಂಕಿ ಎಂದು ಕೆಲವರು. ಮಾರಾಟಗಾರನೂ ಫೋನಿನಲ್ಲಿ ಅದನ್ನೇ ಹೇಳಿದ. ಒಂದು ಪದರದ್ದು ಗ್ಯಾಸಿಗೆ ಸರಿ, ಕಟ್ಟಿಗೆಗೆ ಒಳಗೆ ನುಣುಪಾದದ್ದೇ ಬೇಕು ಎಂದು. ಐದು ಇಂಚೋ ಆರೋ ಏಳೋ, ಸುತ್ತಲೂ ಬಿಸಿ ತಡೆಯುವ ಹೊದಿಕೆ ಬೇಕೋ ಬೇಡವೋ, ಚರ್ಚೆಗೆ ಕೊನೆಯಿರಲಿಲ್ಲ. ದಿನಾ ಆ ಹೊಗೆ ಕುಡಿಯುವವಳನ್ನು ಮಾತ್ರ ಯಾರೂ ಕೇಳಲಿಲ್ಲ. ನಾನು ಒಳಗಿನಿಂದ ರೊಟ್ಟಿ ಕಳಿಸುತ್ತಿದ್ದೆ.

ಈ ನಡುವೆ, ಬಯಲಿಗೆ ಹೋಗಿ ಕೂಡಬೇಕೆಂದ ಡಾಕ್ಟರರ ಮಾತು ಮನೆಯಲ್ಲಿ ನಡೆಯುತ್ತಿತ್ತು. ಎದೆ ಬಿಗಿದ ಕೂಡಲೇ ನಾನು ಎದ್ದು ಪಡಸಾಲೆಯ ಮೂಲೆಯ ಬಾಗಿಲಿನಿಂದ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂಡುತ್ತಿದ್ದೆ. ಅಷ್ಟು ಹೊತ್ತು ಅತ್ತೆ ಒಲೆಯ ಮುಂದೆ ಬಂದು ಕೂತು ಹಂಚಿನ ಮೇಲಿನ ರೊಟ್ಟಿ ನೋಡಿಕೊಳ್ಳುತ್ತಿದ್ದರು. ನನಗಿಂತ ಮೊದಲು ಆ ಒಲೆ ಅವರದೇ ಆಗಿತ್ತು. ಹಿತ್ತಲಿನಲ್ಲಿ ಬೇವಿನ ಮರ, ಅದರಾಚೆ ಕೋಟೆಯ ಗುಡ್ಡ, ಮೇಲೆ ಬಿಸಿಲು. ಮದುವೆಯಾಗಿ ಬಂದ ಮೇಲೆ ಬೆಳಗಿನ ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ಮೊದಮೊದಲು ಉಸಿರಿಗಾಗಿ ಹೋಗುತ್ತಿದ್ದೆ. ಬರಬರುತ್ತ ಉಸಿರು ಸರಿಯಾದ ಮೇಲೂ ಕೂತಿರುತ್ತಿದ್ದೆ. ಯಾರೂ ಏಳು ಎನ್ನುತ್ತಿರಲಿಲ್ಲ. ಹೊಗೆ ಎಂದರೆ ಸಾಕು, ಮನೆಮಂದಿಯೆಲ್ಲ ಹೌದೆನ್ನುತ್ತಿದ್ದರು.

ಒಂದು ದಿನ ಅದೇ ಕಲ್ಲಿನ ಮೇಲೆ ಕೂತಾಗ ನನಗೆ ತಿಳಿಯಿತು, ಕೊಳವೆ ಬಂದ ದಿನ ಇದು ಮುಗಿಯುತ್ತದೆ ಎಂದು. ಡಾಕ್ಟರು ಒಲೆ ಅಥವಾ ಹೊಗೆ ಎಂದಿದ್ದರು. ಮನೆಯವರು ಹೊಗೆಯನ್ನು ಬಿಡಿಸಲು ಹೊರಟಿದ್ದರು, ಅಂದರೆ ಒಲೆ ನನಗೇ ಕಾಯಂ. ಹೊಗೆ ಇದ್ದರೆ ಉಸಿರು ಇಲ್ಲ, ಹೊಗೆ ಹೋದರೆ ಈ ಕಲ್ಲು ಇಲ್ಲ. ಅತ್ತ ದರಿ ಇತ್ತ ಪುಲಿ ಎಂಬುದನ್ನು ಸಾಲೆಯಲ್ಲಿ ಗಾದೆಯೆಂದು ಬಾಯಿಪಾಠ ಮಾಡಿದ್ದೆ. ಹಿತ್ತಲಲ್ಲಿ ಕೂತು ಅದರ ಅರ್ಥವಾದಾಗ ಅಳು ಬಂತು.

ಆ ವಾರವೇ ನಮ್ಮವರು ಮೂರು ತುಂಡುಗಳನ್ನು ಒಳಗೆ ತಂದು ನನ್ನ ಮುಂದಿಟ್ಟರು. ಕೊನೆಗೂ ನನ್ನ ಅಭಿಪ್ರಾಯ ಬೇಕಾಗಿತ್ತು. ನಾನು ಒಂದೊಂದನ್ನೂ ಎತ್ತಿ, ತಿರುವಿ, ತಪ್ಪು ಹುಡುಕಿದೆ. ಮೊದಲನೆಯದರ ತಗಡು ತೆಳು. ಎರಡನೆಯದರ ಒಳಪದರದ ಹೊಲಿಗೆ ಬಿಚ್ಚಿಕೊಳ್ಳುವಂತಿದೆ. ಮೂರನೆಯದು ಚಲೋ, ಆದರೆ ನಮ್ಮ ಹತ್ತಿ ಕಟ್ಟಿಗೆಯ ಹೊಗೆಯಲ್ಲಿ ಯಾರಾದರೂ ಪರೀಕ್ಷೆ ಮಾಡಿದ್ದಾರೇನು? ನಮ್ಮವರು ಗಂಭೀರವಾಗಿ ತಲೆಯಾಡಿಸಿ ಮತ್ತೆ ಫೋನು ಹಚ್ಚಿದರು. ಮತ್ತೊಂದು ಮಾದರಿ ಬಂತು. ಅದಕ್ಕೂ ಒಂದು ಕೊಂಕು ಹೇಳಿದೆ. ಅವರು ಅಷ್ಟು ಲಕ್ಷ್ಯಗೊಟ್ಟು ನನ್ನ ಮಾತು ಕೇಳಿದ್ದು ಅದೇ ಮೊದಲು. ನನಗೆ ಅದರಲ್ಲಿ ನಾಚಿಕೆಯೇನೂ ಆಗಲಿಲ್ಲ, ಈಗಲೂ ಇಲ್ಲ.

ಎದೆ ಮಾತ್ರ ನನ್ನ ಆಟಕ್ಕೆ ಕಾಯಲಿಲ್ಲ. ಕೆಮ್ಮು ಹೆಚ್ಚಾಯಿತು. ನಮ್ಮವರು ಇನ್ನು ತಡ ಮಾಡಬಾರದೆಂದು ಗಜೇಂದ್ರಗಡದಿಂದ ಒಬ್ಬ ವೆಲ್ಡರನನ್ನು ಕರೆಸಿದರು. ಹೋಟೆಲುಗಳಿಗೆ ಹೊಗೆಯ ಪೈಪು ಕೂಡಿಸಿ ಹೆಸರು ಮಾಡಿದ್ದವನು. ಕೊಳವೆ ಅಗಲವಿದ್ದಷ್ಟೂ ಎಳೆತ ಜೋರು ಎಂದು ಅವನೆಂದ. ದೊಡ್ಡದೆಂದರೆ ನಮ್ಮವರಿಗೂ ಪ್ರೀತಿಯೇ. ಮೇಲಿನ ಜಾತಿಯ ಸ್ಟೀಲು, ಎರಡು ಪದರ, ಏಳು ಇಂಚು ಎಂದಾಯಿತು. ಏಳು ಇಂಚಿನ ತುಂಡೊಂದು ಬಂದಾಗ ನಮ್ಮವರು ಅದಕ್ಕೆ ಹಗ್ಗ ಕಟ್ಟಿ ಮಾಳಿಗೆಯಿಂದ ಹೊಗೆಗೂಡಿನೊಳಗೆ ಇಳಿಬಿಟ್ಟರು. ಅದು ಡೊಂಕಿನ ಹತ್ತಿರ ಕಟಕಟ ಸದ್ದು ಮಾಡಿ, ಹೊರಳಿ, ಸಲೀಸಾಗಿ ನನ್ನ ಒಲೆಯ ಬೂದಿಗೆ ಬಿತ್ತು. ಮೇಲಿನಿಂದ ಚಪ್ಪಾಳೆ ಕೇಳಿಸಿತು. ಮಾದರಿ ದಾಟಿದ ಮೇಲೆ ಮಾಲು ದಾಟದೆ ಏನು ಎಂದು ಎಲ್ಲರೂ ಒಪ್ಪಿದರು. ನನಗೂ ಹಾಗೇ ಅನಿಸಿತ್ತು.

ಗೇಣುದ್ದದ ತುಂಡು ಯಾವ ಡೊಂಕನ್ನಾದರೂ ದಾಟುತ್ತದೆ, ಏಕೆಂದರೆ ಅದಕ್ಕೆ ಹಿಂದಿಲ್ಲ ಮುಂದಿಲ್ಲ. ಉದ್ದದ ಕೊಳವೆಯ ತಲೆ ಹೊರಳುವಾಗ ಬೆನ್ನೂ ಅದರ ಜೊತೆ ಹೊರಳಬೇಕು. ಇದು ನಮಗೆ ತಿಳಿದದ್ದು ಅರ್ಧ ಓಣಿ ಮಾಳಿಗೆಯ ಮೇಲೆ ನಿಂತು ಇಡೀ ಕೊಳವೆಯನ್ನು ಇಳಿಸಿದ ದಿನ. ಅದು ಡೊಂಕಿನವರೆಗೆ ಬಂತು, ಅಲ್ಲೇ ನಿಂತಿತು. ಒತ್ತಿದರೆ ಕೆಳಗಿಳಿಯಲಿಲ್ಲ, ಎಳೆದರೆ ಮೇಲೆ ಬರಲಿಲ್ಲ. ಹಗ್ಗ, ಕೊಕ್ಕೆ, ಎಣ್ಣೆ ಎಲ್ಲ ಆಯಿತು. ಸಂಜೆಗೆ ವೆಲ್ಡರ ಬೇರೆ ಸಾಮಾನು ತರುತ್ತೇನೆಂದು ಗಜೇಂದ್ರಗಡದ ಬಸ್ಸು ಹತ್ತಿದ, ಹತ್ತಿದವನು ಲಗೂ ಬರಲಿಲ್ಲ. ಬಾಲ ಮಾಳಿಗೆಯ ಮೇಲೆ, ತಲೆ ಗೋಡೆಯೊಳಗೆ, ಹೀಗೆ ಕೊಳವೆ ಸಿಕ್ಕಿಕೊಂಡು ಉಳಿಯಿತು. ಅದಕ್ಕೂ ನನಗೂ ಗೆಣೆತನವಾದಂತಾಯಿತು.

ಮೊದಲು ಹೊಗೆಗೂಡು ಅರ್ಧ ಹೊಗೆಯನ್ನಾದರೂ ಎಳೆಯುತ್ತಿತ್ತು. ಈಗ ಪೂರ್ತಿ ಕಟ್ಟಿತು. ಅದೋ ಕಡಲೆಯ ಸುಗ್ಗಿ. ಪಡಸಾಲೆಯಲ್ಲಿ ಪಂಕ್ತಿಯ ಮೇಲೆ ಪಂಕ್ತಿ. ಬಾಗಿಲಿನಿಂದ ಹೊರಟ ಹೊಗೆ ಅವರ ತಾಟಿನವರೆಗೂ ಹೋಗುತ್ತಿತ್ತು. ಉಣ್ಣಲು ಕೂತರೆ ಹೋಮಕ್ಕೆ ಕೂತಂತಾಗುತ್ತದೆ ಎಂದು ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಡಾಕ್ಟರು ಹೇಳಿದಂತೆ ಎದ್ದು ಹೋಗಲೂ ಬಿಡುವಿರಲಿಲ್ಲ. ಅತ್ತೆ ಆ ಹೊಗೆಯಲ್ಲಿ ಒಂದು ನಿಮಿಷವೂ ಕೂಡುವಂತಿರಲಿಲ್ಲ. ನಾಲ್ಕು ಗೋಡೆ, ಕೆಂಪು ಕಣ್ಣು, ಕೈಯಲ್ಲಿ ಹಿಟ್ಟು. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಅಲ್ಲೇ ಬಡಿಯುತ್ತೇನೆ ಎಂದು ಕೇಳಿಕೊಂಡೆ. ಅತ್ತೆ ಬೇಡವೆಂದರು.

"ಮನಿ ಹೊರಗ ಒಲಿ ಹೂಡೂದು ಒಂದು ಲಗ್ನದಾಗ, ಇಲ್ಲಾ ಯಾರರ ಸತ್ತಾಗ. ನಮ್ಮನ್ಯಾಗ ಈಗ ಎರಡರಾಗ ಯಾವದೈತಿ?"

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಅವರ ಕಾಲದಲ್ಲೂ ಅವರಿಗೆ ಯಾರೋ ಹೀಗೆಯೇ ಹೇಳಿರಬೇಕು. ಎರಡನೆಯದು ಆಗುವುದಕ್ಕೆ ಇನ್ನೇನು ಬಹಳ ಹೊತ್ತಿಲ್ಲ ಎಂದು ಬಾಯಿಗೆ ಬಂದಿತ್ತು. ಒಳಗೆ ಹೋಗಿ ಮತ್ತೆ ಹಿಟ್ಟಿಗೆ ಕೈ ಹಾಕಿದೆ.

ಅದಾದ ಕೆಲವೇ ದಿನಕ್ಕೆ, ರೊಟ್ಟಿ ಅರ್ಧ ಬಡಿದಿದ್ದೆ, ಉಸಿರು ನಿಂತಿತು. ಕೂಗಬೇಕೆಂದರೆ ದನಿಯಿಲ್ಲ. ಏಳಬೇಕೆಂದರೆ ಕಾಲಿಲ್ಲ. ಹೊಗೆಯಲ್ಲಿ ಬಾಗಿಲು ಎತ್ತ ಇದೆಯೆಂದೇ ಕಾಣಲಿಲ್ಲ. ಮೂರು ತಿಂಗಳು ನಾನು ಕೆಮ್ಮಿದ್ದು ಕೇಳಿ ಕೇಳಿ ಎಲ್ಲರಿಗೂ ರೂಢಿಯಾಗಿತ್ತು. ರೊಟ್ಟಿ ಬಡಿಯುವ ಸಪ್ಪಳ ನಿಂತದ್ದು ಮಾತ್ರ ಅತ್ತೆಗೆ ಕೇಳಿಸಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಬಂದವರು ನನ್ನ ಎರಡೂ ರಟ್ಟೆ ಹಿಡಿದು ದರದರ ಎಳೆದು ಪಡಸಾಲೆಗೆ ಹಾಕಿದರು. ಆ ವಯಸ್ಸಿನಲ್ಲಿ ಅವರಿಗೆ ಅಷ್ಟು ಕಸುವು ಎಲ್ಲಿಂದ ಬಂತೋ.

ದವಾಖಾನೆಯಲ್ಲಿ ನನ್ನ ಮೂಗು ಬಾಯಿಗೆ ಪ್ಲಾಸ್ಟಿಕ್ಕಿನ ಮುಖವಾಡ ಕಟ್ಟಿ ಗಾಳಿ ಬಿಟ್ಟರು. ಬೆಳ್ಳಗಿನ ಗೋಡೆ, ದೊಡ್ಡ ಕಿಟಕಿ. ಮಲಗಿಕೊಂಡು ನಾನು ಒಂದೇ ಆಸೆ ಇಟ್ಟುಕೊಂಡಿದ್ದೆ. ಇಷ್ಟಾದ ಮೇಲಾದರೂ ಇವರು ಒಲೆ ಬಿಡು ಎನ್ನುತ್ತಾರೆ. ನಮ್ಮವರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ನನ್ನ ಕೈ ಹಿಡಿದುಕೊಂಡು ಹೇಳಿದರು.

"ನೀ ಏನೂ ಚಿಂತಿ ಮಾಡಬ್ಯಾಡ. ಗ್ವಾಡಿನ ಒಡಸ್ತೀನಿ. ನೀ ಮನಿಗೆ ಬರೂದ್ರಾಗ ಹೊಗಿ ಅನ್ನೂದು ಇರಂಗಿಲ್ಲ."

ಖರೇ ಮನಸ್ಸಿನಿಂದ ಹೇಳಿದ ಮಾತು. ಬಾಯಿಗೆ ಮುಖವಾಡವಿತ್ತು, ನಾನು ಏನನ್ನೂ ಹೇಳುವಂತಿರಲಿಲ್ಲ. ಅದು ಇಲ್ಲದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಅಷ್ಟು ಪ್ರೀತಿಯಿಂದ ಕೊಡುವುದನ್ನು ಬೇಡ ಎನ್ನುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಸವಡಿಯ ಗೌಂಡಿಯೊಬ್ಬ ಬಂದು ಪಡಸಾಲೆಯ ಕಡೆಯಿಂದ ಗೋಡೆ ಬಿಚ್ಚಿದ. ಡೊಂಕಿನಲ್ಲಿ ಮುಂದೆ ಚಾಚಿದ್ದ ಕಲ್ಲು ತೆಗೆದು ಕೊಳವೆಯನ್ನು ಹೊರಗೆಳೆದರು. ಎಳೆದಾಟದಲ್ಲಿ ಅದು ನೆಗ್ಗಿ ಸೊಟ್ಟಗಾಗಿತ್ತು. ಈ ಸಲ ನಮ್ಮವರು ಮಾದರಿ ತರಿಸಲಿಲ್ಲ. ಅದೇ ಜಾತಿಯ ಆರು ಇಂಚಿನ ಕೊಳವೆ ತರಿಸಿ, ಬಿಸಿ ತಡೆಯುವ ಹೊದಿಕೆ ಸುತ್ತಿ, ಮೂತಿಗೆ ಚೂಪು ಟೋಪಿ ತೊಡಿಸಿ, ಕೆಳಗಿನಿಂದ ಹಗ್ಗ ಹಿಡಿದು ಎಳೆದರು. ಇಳಿಯಿತು. ಒಲೆಯ ಮೇಲೆ ತಗಡಿನ ಗೂಡು, ಮಾಳಿಗೆಯ ಮೇಲೆ ಮಳೆಗೆ ಕೊಡೆ. ನಾನು ದವಾಖಾನೆಯಲ್ಲೂ ಆಮೇಲೆ ನರೇಗಲ್ಲಿನ ತವರಿನಲ್ಲೂ ಇದ್ದಷ್ಟು ದಿನ ರೈತರು ಖಾನಾವಳಿಯಲ್ಲೇ ಉಂಡರಂತೆ. ಅದಕ್ಕಾಗಿ ಯಾರೂ ನಮ್ಮ ಅಂಗಡಿ ಬಿಟ್ಟು ಹೋಗಲಿಲ್ಲ. ನಾನು ಮರಳಿ ಬಂದ ಮರುದಿನವೇ ಪಡಸಾಲೆಯಲ್ಲಿ ತಾಟುಗಳು ಬಿದ್ದವು.

ಒಲೆ ಹೊತ್ತಿಸಿದೆ. ಹತ್ತಿ ಕಟ್ಟಿಗೆ ಚಟಪಟ ಎಂದಿತು, ಹೊಗೆ ಒಮ್ಮೆ ಹೊರಳಿ ನೇರವಾಗಿ ಗೂಡಿನೊಳಗೆ ಹೋಯಿತು. ಕಣ್ಣು ಉರಿಯಲಿಲ್ಲ. ಅಡುಗೆಮನೆಯ ನಾಲ್ಕೂ ಮೂಲೆ ಮೊದಲ ಸಲ ಚೆನ್ನಾಗಿ ಕಂಡವು. ಕೋಣೆ ನಾನು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಉಸಿರು ಸರಾಗವಾಗಿ ಆಡುತ್ತಿತ್ತು, ಅದಕ್ಕೆ ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ. ಹೊರಗೆ ನಮ್ಮವರು ಉಣ್ಣುವವರಿಗೆ ಮೂರು ಜಾತಿಯ ಕೊಳವೆಗಳ ಗುಣದೋಷ ವಿವರಿಸುತ್ತಿದ್ದರು. ಅತ್ತೆ ಬಂದು ಒಲೆಯ ಪಕ್ಕ ಗೋಡೆಗೊರಗಿ ಕೂತು, ತಲೆಯೆತ್ತಿ ತಗಡಿನ ಗೂಡನ್ನೇ ನೋಡುತ್ತಿದ್ದರು.

ಒಂದು ಬುಟ್ಟಿಯಷ್ಟು ರೊಟ್ಟಿ ಆದ ಮೇಲೆ ನಾನು ಎದ್ದೆ. ರೂಢಿ. ಕಾಲುಗಳು ತಾವಾಗಿಯೇ ಹಿತ್ತಲ ಬಾಗಿಲಿನ ಕಡೆ ಹೊರಟಿದ್ದವು. ಪಡಸಾಲೆಯಿಂದ ನಮ್ಮವರು ನೋಡಿದರು, ಮಾತು ನಿಲ್ಲಿಸಿದರು.

"ಯಾಕ, ಹೊಗಿ ಬಂತೇನು?"

ಇಲ್ಲ ಎಂದೆ.

"ಮತ್ತ್ಯಾಕ ಎದ್ದಿ?"

ಗದರಿಸಿದ್ದಲ್ಲ, ಕಾಳಜಿಯಿಂದಲೇ ಕೇಳಿದ್ದು. ಉಣ್ಣುತ್ತಿದ್ದವರೂ ತುತ್ತು ಹಿಡಿದು ನನ್ನ ಕಡೆ ನೋಡುತ್ತಿದ್ದರು. ನೀರು ಕುಡಿಯಲಿಕ್ಕೆ ಎಂದೆ. ಬಾಯಾರಿಕೆ ಇರಲಿಲ್ಲ. ಆದರೂ ಕೊಡದಿಂದ ಒಂದು ತಂಬಿಗೆ ನೀರು ತೆಗೆದು, ಅವರ ಮುಂದೆಯೇ ನಿಂತು ಪೂರ್ತಿ ಕುಡಿದು, ತಿರುಗಿ ಬಂದು ಒಲೆಯ ಮುಂದೆ ಕೂತೆ.

ಅತ್ತೆ ಹಂಚಿನ ಮೇಲೆ ಹೊತ್ತುತ್ತಿದ್ದ ರೊಟ್ಟಿಯನ್ನು ಮಗುಚಿ ಹಾಕಿದರು. ಆಮೇಲೆ ಹೊರಗಿನವರಿಗೆ ಕೇಳದಂತೆ, ನನ್ನ ಮುಖ ನೋಡದೆ ಹೇಳಿದರು.

"ನೀರಿನ ನೆಪ ಭಾಳ ದಿನ ನಡಿಯಂಗಿಲ್ಲ ಯವ್ವಾ. ನಾ ಮಾಡಿ ನೋಡೇನಿ."